ಕಾರ್ಡು ಮತ್ತು ಕೈಪಿಡಿ: ಮುಕ್ತ ಕಾರ್ಯಾಚರಣ ವ್ಯವಸ್ಥೆಗಳ ಒಂದು ಉಪಚರಿತ್ರೆ

ಲಿನಕ್ಸಿಗೆ ಯಾವ ನೆಟ್‌ವರ್ಕ್ ಕಾರ್ಡು ಒಳ್ಳೆಯದು? ಮುಕ್ತ ಕಾರ್ಯಾಚರಣ ವ್ಯವಸ್ಥೆಗಳನ್ನು ಬಳಸುವವರು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಯಿದು. ಮೇಲುನೋಟಕ್ಕೆ ಇದು ಅಂಗಡಿಯ ಕಟ್ಟೆಯಲ್ಲಿ ಮುಗಿಯುವ ಪ್ರಶ್ನೆ. ಬೆಲೆ, ವೇಗ, ಬಾಳಿಕೆಗಳನ್ನು ತೂಗಿ ನೋಡಿದರೆ ಉತ್ತರ ಸಿಗಬೇಕು. ಆದರೆ ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ವಿಚಿತ್ರವೊಂದು ಕಣ್ಣಿಗೆ ಬೀಳುತ್ತದೆ. ಕಳಪೆಯೆಂದು ಬಲ್ಲವರೆಲ್ಲ ಬೈದ ಕಾರ್ಡುಗಳು ವರ್ಷಗಟ್ಟಲೆ ಶಿಫಾರಸಿನ ಪಟ್ಟಿಯಲ್ಲಿ ಉಳಿದವು. ತಮ್ಮ ಕಾಲಕ್ಕೆ ಅತ್ಯಾಧುನಿಕವಾಗಿದ್ದ ಎಷ್ಟೋ ಕಾರ್ಡುಗಳು ಪಟ್ಟಿಯ ಹೊರಗೇ ನಿಂತವು. ಚಿಪ್ಪಿನ ಗುಣವೊಂದೇ ಅಳತೆಗೋಲಾಗಿದ್ದರೆ ಹೀಗಾಗುತ್ತಿರಲಿಲ್ಲ. ಆ ಚಿಪ್ಪನ್ನು ನಡೆಸುವ ವಿಧಾನವನ್ನು ಹೇಳುವ ಕೈಪಿಡಿ ಯಾರ ಕೈಯಲ್ಲಿದೆ ಎಂಬುದೇ ನಿಜವಾದ ಅಳತೆಗೋಲಾಗಿತ್ತು. ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಇರುವ ಹಕ್ಕು ಎಷ್ಟು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ವೇಷದಲ್ಲಿ ಬಂದಿತ್ತು.

ನಡುವೆ ನಿಂತ ಡ್ರೈವರ್

ನೆಟ್‌ವರ್ಕ್ ಕಾರ್ಡಿನ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬಹುದು: ಕಂಪ್ಯೂಟರಿನ ಸ್ಮೃತಿಯಲ್ಲಿರುವ ದತ್ತಾಂಶವನ್ನು ಪ್ಯಾಕೆಟ್‌ಗಳಾಗಿ ತಂತಿಗೋ ಗಾಳಿಗೋ ಒಪ್ಪಿಸುವುದು, ಹೊರಗಿನಿಂದ ಬಂದ ಪ್ಯಾಕೆಟ್‌ಗಳನ್ನು ಸ್ಮೃತಿಗೆ ತಲುಪಿಸುವುದು. ಇದನ್ನು ಮಾಡಿಸಲು ಕಾರ್ಯಾಚರಣ ವ್ಯವಸ್ಥೆಯು ಚಿಪ್ಪಿನೊಳಗಿರುವ ರಿಜಿಸ್ಟರ್‌ಗಳೆಂಬ ಪುಟ್ಟ ಖಾನೆಗಳಲ್ಲಿ ಸರಿಯಾದ ಸಂಖ್ಯೆಗಳನ್ನು ಸರಿಯಾದ ಕ್ರಮದಲ್ಲಿ ಬರೆಯಬೇಕು. ಯಾವ ಖಾನೆ ಯಾವುದಕ್ಕೆ, ಯಾವ ಬಿಟ್ ಬದಲಾದರೆ ಏನಾಗುತ್ತದೆ, ಪ್ಯಾಕೆಟ್ ಬಂದಿತೆಂದು ಚಿಪ್ ಹೇಗೆ ತಿಳಿಸುತ್ತದೆ, ಅದರಲ್ಲಿರುವ ದೋಷಗಳಿಗೆ ಏನು ಪರಿಹಾರ ಎಂಬ ವಿವರಗಳೆಲ್ಲ ತಯಾರಕರ ಕೈಪಿಡಿಯಲ್ಲಿರುತ್ತವೆ. ಅದನ್ನು ಓದಿ ಬರೆದ ತಂತ್ರಾಂಶವೇ ಡ್ರೈವರ್. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಕಾರ್ಡು ಎಷ್ಟೇ ಉತ್ತಮವಾಗಿರಲಿ, ಡ್ರೈವರ್ ಇಲ್ಲದಿದ್ದರೆ ಅದು ಪೆಟ್ಟಿಗೆಯೊಳಗಿನ ಬರಿಯ ತಗಡು.

ವಿಂಡೋಸ್‌ನಂತಹ ವ್ಯವಸ್ಥೆಗಳಿಗೆ ತಯಾರಕರೇ ಡ್ರೈವರ್ ಬರೆದು, ಆಕರ ಸಂಕೇತವನ್ನು ಬಚ್ಚಿಟ್ಟುಕೊಂಡು, ಯಂತ್ರಕ್ಕಷ್ಟೇ ಅರ್ಥವಾಗುವ ರೂಪದಲ್ಲಿ ಫ್ಲಾಪಿಯಲ್ಲೋ ಸಿ.ಡಿ.ಯಲ್ಲೋ ಕೊಡುತ್ತಿದ್ದರು. ಆದ್ದರಿಂದ ಕೈಪಿಡಿಯನ್ನು ಹೊರಗಿನವರಿಗೆ ತೋರಿಸುವ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ. ಸ್ವಯಂಸೇವಕರು ಕಟ್ಟಿದ ವ್ಯವಸ್ಥೆಗಳ ಸ್ಥಿತಿ ಬೇರೆ. ಅವುಗಳಿಗಾಗಿ ತಯಾರಕರು ಡ್ರೈವರ್ ಬರೆಯುತ್ತಿರಲಿಲ್ಲ. ಬರೆಯಬಲ್ಲವರಿಗೆ ಕೈಪಿಡಿ ಸಿಗುತ್ತಿರಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.

ನಕಲುಗಳ ಕಾಲ

ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನ ಕೇಂದ್ರದಲ್ಲಿ, ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅವರ ಕೈಯಲ್ಲಿ. 1980ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಝೆರಾಕ್ಸ್ ಸೇರಿ ಅದರ ನಿಯಮಾವಳಿಯನ್ನು ಪ್ರಕಟಿಸಿದವು. ತಂತಿಯ ಮೇಲೆ ಓಡುವ ಭಾಷೆ ಹೀಗೆ ಸಾರ್ವಜನಿಕವಾಯಿತು. ಆದರೆ ಕಾರ್ಡು ಮತ್ತು ಕಂಪ್ಯೂಟರು ತಮ್ಮೊಳಗೆ ಆಡಿಕೊಳ್ಳುವ ಭಾಷೆ ಹಾಗಾಗಲಿಲ್ಲ. ಅದು ತಯಾರಕರಿಂದ ತಯಾರಕರಿಗೆ ಬೇರೆಯಾಗಿಯೇ ಉಳಿಯಿತು.

ಈ ಗೊಂದಲದ ನಡುವೆ, ಯಾರೂ ಯೋಜಿಸದೆಯೇ, ಒಂದು ರೂಢಿ ನೆಲೆಗೊಂಡಿತು. ನೆಟ್‌ವೇರ್ ತಂತ್ರಾಂಶವನ್ನು ಮಾರುತ್ತಿದ್ದ ನೋವೆಲ್ ಕಂಪನಿಗೆ ಕಾರ್ಡಿನ ಬೆಲೆ ಇಳಿಯುವುದು ಬೇಕಾಗಿತ್ತು. ಜಾಲ ಅಗ್ಗವಾದಷ್ಟೂ ಅದರ ತಂತ್ರಾಂಶಕ್ಕೆ ಬೇಡಿಕೆ. ಆದ್ದರಿಂದ ಅದು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಡಿಪಿ8390 ಚಿಪ್ಪನ್ನೂ ಆ ಕಂಪನಿಯೇ ಪ್ರಕಟಿಸಿದ್ದ ಮಾದರಿ ವಿನ್ಯಾಸವನ್ನೂ ಆಧರಿಸಿ ಎನ್‌ಇ1000 ಮತ್ತು ಎನ್‌ಇ2000 ಎಂಬ ಕಾರ್ಡುಗಳನ್ನು ತಂದಿತು. ವಿನ್ಯಾಸ ಗುಟ್ಟಾಗಿರಲಿಲ್ಲವಾದ್ದರಿಂದ ಏಷ್ಯಾದ ಹತ್ತಾರು ತಯಾರಕರು ಅದನ್ನು ನಕಲು ಮಾಡಿದರು. ಎನ್‌ಇ2000 ಚುರುಕಾದ ಕಾರ್ಡೇನೂ ಆಗಿರಲಿಲ್ಲ. ಪ್ಯಾಕೆಟ್ಟಿನ ಒಂದೊಂದು ತುಣುಕನ್ನೂ ಪ್ರೊಸೆಸರ್ರೇ ಕೈಯಾರೆ ಎತ್ತಿ ಸಾಗಿಸಬೇಕಿತ್ತು. ಆದರೂ ಅದಕ್ಕಾಗಿ ಒಮ್ಮೆ ಬರೆದ ಡ್ರೈವರ್ ಊರ ತುಂಬ ಇರುವ ನಕಲುಗಳಿಗೆಲ್ಲ ಒದಗಿ ಬರುತ್ತಿತ್ತು. ಹೊಸ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಬರಿಗೈಯಿಂದ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಿಲ್ಲ.

ಲೀನಸ್ ಟೊರ್ವಾಲ್ಡ್ಸ್ ತಮ್ಮ ಕರ್ನೆಲ್ಲನ್ನು ಲೋಕದ ಮುಂದಿಟ್ಟದ್ದು 1991ರಲ್ಲಿ. ಮರುವರ್ಷ ಅದಕ್ಕೆ ಜಾಲದ ಸೌಕರ್ಯ ಕೂಡಿಕೊಂಡಿತು. ಆ ಮೊದಲ ಸಂಕೇತವನ್ನು ಬರೆದ ರಾಸ್ ಬೈರೋ ಡಬ್ಲ್ಯೂಡಿ8003 ಎಂಬ ಕಾರ್ಡಿಗೆ ಡ್ರೈವರ್ ಬರೆದರು. ಅದರ ಒಡಲಲ್ಲಿದ್ದುದೂ 8390 ವಂಶದ ಚಿಪ್ಪೇ. ಮುಂದೆ ಡೊನಾಲ್ಡ್ ಬೆಕರ್ ಈ ಕೆಲಸವನ್ನು ತಮ್ಮ ಹೆಗಲಿಗೇರಿಸಿಕೊಂಡರು. ಎನ್‌ಇ2000, 3ಕಾಂ ಕಂಪನಿಯ ಕಾರ್ಡುಗಳು, ಡಿಜಿಟಲ್ ಕಂಪನಿಯ ಟ್ಯುಲಿಪ್ ಚಿಪ್ಪು ಹೀಗೆ ಅವರು ಒಂದಾದ ಮೇಲೊಂದರಂತೆ ಬರೆದ ಡ್ರೈವರುಗಳೇ ತೊಂಬತ್ತರ ದಶಕದ ಲಿನಕ್ಸಿಗೆ ಹೊರಜಗತ್ತಿನ ಬಾಗಿಲು ತೆರೆದವು. ಅವರ ಮೊದಲ ಡ್ರೈವರುಗಳ ಹಕ್ಕುಸ್ವಾಮ್ಯದ ಸಾಲಿನಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ನಿರ್ದೇಶಕರ ಹೆಸರಿದೆ. ಗೂಢಚರ್ಯೆಯ ಕಚೇರಿಯೊಂದರ ಹೆಸರು ಹೊತ್ತ ಸಂಕೇತ ಯಾರು ಬೇಕಾದರೂ ಓದಿ ತಿದ್ದಬಹುದಾದ ಪರವಾನಗಿಯಡಿ ಹೊರಬಂದದ್ದು ಈ ಚರಿತ್ರೆಯ ಸಣ್ಣ ವಿನೋದಗಳಲ್ಲೊಂದು.

ಬೆಕರ್ ಮುಂದೆ ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಅವರೊಡನೆ ಸೇರಿ 1994ರಲ್ಲಿ ಹದಿನಾರು ಸಾಧಾರಣ ಪಿ.ಸಿ.ಗಳನ್ನು ಒಂದಕ್ಕೊಂದು ಜೋಡಿಸಿ ಬೇವುಲ್ಫ್ ಎಂಬ ಗಣಕಸಮೂಹವನ್ನು ಕಟ್ಟಿದರು. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ಒಂದೇ ಈಥರ್ನೆಟ್ ಪ್ರೊಸೆಸರುಗಳ ವೇಗಕ್ಕೆ ಸಾಲದಾದಾಗ, ಒಂದಕ್ಕಿಂತ ಹೆಚ್ಚು ಕಾರ್ಡುಗಳನ್ನು ಒಂದೇ ದಾರಿಯೆಂಬಂತೆ ಬೆಸೆಯುವ ಉಪಾಯವನ್ನು ಅವರು ಡ್ರೈವರಿನ ಮಟ್ಟದಲ್ಲೇ ಕಂಡುಕೊಂಡರು. ಬಡವನ ಸೂಪರ್ ಕಂಪ್ಯೂಟರೆಂಬ ಹೆಸರು ಪಡೆದ ಈ ಮಾದರಿಯನ್ನು ಲೋಕದ ವಿಶ್ವವಿದ್ಯಾಲಯಗಳು ಅನುಸರಿಸಿದವು. ಡ್ರೈವರಿನ ಆಕರ ಸಂಕೇತ ಅವರ ಕೈಯಲ್ಲಿರದಿದ್ದರೆ ಈ ಪ್ರಯೋಗ ಸಾಧ್ಯವೇ ಇರಲಿಲ್ಲ.

ನಕಲುಗಳ ಕಾಲದ ಕುರುಹುಗಳು ಇಂದಿಗೂ ಆ ಸಂಕೇತದಲ್ಲಿ ಓದಲು ಸಿಗುತ್ತವೆ. ನಿಜವಾದ ಎನ್‌ಇ2000 ಹೌದೋ ಅಲ್ಲವೋ ಎಂದು ನೋಡಲು ಡ್ರೈವರು ಕಾರ್ಡಿನ ಒಂದು ನಿರ್ದಿಷ್ಟ ಜಾಗದಲ್ಲಿ ಎರಡು ಗುರುತಿನ ಬೈಟ್‌ಗಳನ್ನು ಹುಡುಕುತ್ತದೆ. ಆ ಗುರುತನ್ನೂ ಸರಿಯಾಗಿ ನಕಲು ಮಾಡದ ಕಾರ್ಡುಗಳಿಗಾಗಿ ‘ಕೆಟ್ಟ ನಕಲುಗಳು’ ಎಂಬ ಪ್ರತ್ಯೇಕ ಪಟ್ಟಿಯೇ ಅದರಲ್ಲಿದೆ. ಕೆಟ್ಟವೆಂದು ಹೆಸರಿಟ್ಟರೂ ಅವುಗಳನ್ನು ಹೊರಗಟ್ಟಲಿಲ್ಲ. ಅವೂ ನಡೆಯುವಂತೆ ದಾರಿ ಮಾಡಿಕೊಟ್ಟರು. 3ಕಾಂ ಕಂಪನಿಯ ಆದಿಕಾಲದ 3ಸಿ501 ಕಾರ್ಡಿನ ಡ್ರೈವರಿನಲ್ಲಿಯಂತೂ, ತಮಾಷೆಗೂ ಇದನ್ನು ಕೊಳ್ಳಬೇಡಿ ಎಂಬ ಅರ್ಥದ ಎಚ್ಚರಿಕೆಯಿದೆ. ಒಂದೇ ಪ್ಯಾಕೆಟ್ ಹಿಡಿಸುವಷ್ಟು ಜಾಗವಿದ್ದ ಆ ಕಾರ್ಡು, ಕಳಿಸುವ ಸಿದ್ಧತೆಯಲ್ಲಿದ್ದಾಗ ಬಂದದ್ದನ್ನು ಕೈಬಿಡುತ್ತಿತ್ತು. ಕೊಳ್ಳಬೇಡಿ ಎಂದವರೇ ಅದಕ್ಕೂ ಡ್ರೈವರ್ ಬರೆದಿದ್ದರೆಂಬುದನ್ನು ಗಮನಿಸಬೇಕು. ಕೊಂಡುಬಿಟ್ಟವನನ್ನು ನಡುದಾರಿಯಲ್ಲಿ ಬಿಡಬಾರದೆಂಬುದು ಈ ಪರಂಪರೆಯ ಮೊದಲ ನೀತಿ.

ಕಳಪೆ ಚಿಪ್ಪಿನ ಜಯ

ತೊಂಬತ್ತರ ದಶಕದ ಕೊನೆಯಲ್ಲಿ ತೈವಾನಿನ ರಿಯಲ್‌ಟೆಕ್ ಕಂಪನಿಯ 8139 ಚಿಪ್ಪು ಮಾರುಕಟ್ಟೆಯನ್ನು ತುಂಬಿತು. ಫ್ರೀಬಿಎಸ್‌ಡಿ ವ್ಯವಸ್ಥೆಗೆ ಇದರ ಡ್ರೈವರ್ ಬರೆದವರು ಆಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಬಿಲ್ ಪಾಲ್. ತಮ್ಮ ಸಂಕೇತದ ತಲೆಯ ಮೇಲೆ ಅವರು ಬರೆದ ಟಿಪ್ಪಣಿ ಆ ವಲಯದಲ್ಲಿ ಈಗಲೂ ಪ್ರಸಿದ್ಧ. ಅಗ್ಗ ಎಂಬ ಪದದ ಅರ್ಥವನ್ನೇ ಈ ಚಿಪ್ಪು ಬದಲಿಸಿದೆ, ಇದಕ್ಕಿಂತ ಕೆಟ್ಟ ಪಿಸಿಐ ಈಥರ್ನೆಟ್ ಚಿಪ್ಪು ಹುಟ್ಟಿರುವುದೇ ಸಂಶಯ ಎಂಬುದು ಅದರ ಸಾರ. ಬೈಗುಳಕ್ಕೆ ಕಾರಣವೂ ಇತ್ತು. ಪ್ರೊಸೆಸರಿನ ನೆರವಿಲ್ಲದೆ ಸ್ಮೃತಿಯನ್ನು ಓದಿ ಬರೆಯುವ ಶಕ್ತಿ ಈ ಚಿಪ್ಪಿಗಿತ್ತು. ಆದರೆ ಕಳಿಸುವ ಪ್ಯಾಕೆಟ್ಟು ಸ್ಮೃತಿಯಲ್ಲಿ ನಿರ್ದಿಷ್ಟ ಗಡಿಗೆ ಸರಿಯಾಗಿ ಕೂತಿರಬೇಕೆಂದು ಅದು ಹಟ ಹಿಡಿಯುತ್ತಿತ್ತು. ಬಂದ ಪ್ಯಾಕೆಟ್ಟುಗಳನ್ನೆಲ್ಲ ಒಂದೇ ಉದ್ದನೆಯ ತೊಟ್ಟಿಗೆ ಸುರಿಯುತ್ತಿತ್ತು. ಹೀಗಾಗಿ ಹೋಗುವಾಗಲೂ ಬರುವಾಗಲೂ ಪ್ರೊಸೆಸರು ಪ್ಯಾಕೆಟ್ಟನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸಬೇಕಾಗಿ, ಉಳಿಯಬೇಕಿದ್ದ ಶ್ರಮವೆಲ್ಲ ಮರಳಿ ಬರುತ್ತಿತ್ತು.

ಇಂತಹ ಚಿಪ್ಪು ಗೆದ್ದದ್ದು ಹೇಗೆ? ಬೆಲೆ ಒಂದು ಕಾರಣ. ಅದರ ದತ್ತಪತ್ರ ಬಚ್ಚಿಟ್ಟ ದಾಖಲೆಯಾಗಿರಲಿಲ್ಲ ಎಂಬುದು ಇನ್ನೊಂದು. ಬೈದವರು ಕೈಪಿಡಿಯನ್ನು ಓದಿಯೇ ಬೈದರು. ಓದಿದ್ದರಿಂದಲೇ ಕೊರತೆಗಳನ್ನು ತಂತ್ರಾಂಶದಲ್ಲಿ ಸರಿತೂಗಿಸಿದರು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರು ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆಗಳ ಅಂಗಡಿಗಳಲ್ಲಿ ಆ ದಿನಗಳಲ್ಲಿ ಸುಲಭವಾಗಿ ಸಿಗುತ್ತಿದ್ದ ಅಗ್ಗದ ಕಾರ್ಡುಗಳಲ್ಲಿ ಈ ಚಿಪ್ಪಿನವು ಬಹಳ. ಸೈಬರ್ ಕೆಫೆ, ಕಾಲೇಜು ಪ್ರಯೋಗಾಲಯ, ಸಣ್ಣ ಕಚೇರಿಗಳ ಹಳೆಯ ಪಿ.ಸಿ.ಗಳನ್ನು ಲಿನಕ್ಸ್ ಸರ್ವರುಗಳನ್ನಾಗಿ ಮಾಡಿಕೊಂಡವರಿಗೆ ಅದು ಸಾಕಾಗುತ್ತಿತ್ತು.

ಭಾರತದ ಓದುಗರಿಗೆ ಇದರ ಎದುರು ಮುಖವೂ ಪರಿಚಿತ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಜನಸಾಮಾನ್ಯರಿಗೆ ಇಂಟರ್ನೆಟ್ ಸೇವೆಯನ್ನು ಆರಂಭಿಸಿತು. ಮರುವರ್ಷ ಪಿ.ಸಿ. ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿ.ಡಿ.ಯನ್ನು ಹಂಚಿತು. ಸಿ.ಡಿ. ಮನೆಗೆ ಬಂದರೂ ಜಾಲ ಒಲಿಯಲಿಲ್ಲವೆಂಬ ಅನುಭವ ಮುಂದಿನ ಕೆಲವು ವರ್ಷಗಳಲ್ಲಿ ಹಲವರದಾಯಿತು. ಕಾರಣ ‘ವಿನ್‌ಮೋಡೆಮ್’ ಎಂಬ ಅಗ್ಗದ ಮೋಡೆಮ್. ಮೋಡೆಮ್ಮಿನೊಳಗೆ ನಡೆಯಬೇಕಾದ ಸಂಕೇತ ಸಂಸ್ಕರಣೆಯನ್ನು ಕಂಪ್ಯೂಟರಿನ ಪ್ರೊಸೆಸರಿನ ತಲೆಗೆ ಕಟ್ಟಿ, ಆ ತಂತ್ರಾಂಶವನ್ನು ವಿಂಡೋಸಿಗಷ್ಟೇ ಬರೆದು, ಬಿಡಿಭಾಗಗಳ ಖರ್ಚನ್ನು ಉಳಿಸಿದ ಸರಕು ಅದು. ಚಿಪ್ಪು ಅಗ್ಗವಾದದ್ದು ತಪ್ಪಲ್ಲ. ಉಳಿದರ್ಧ ಕೆಲಸ ಬಚ್ಚಿಟ್ಟ ತಂತ್ರಾಂಶದಲ್ಲಿತ್ತೆಂಬುದೇ ತೊಡಕು. 8139 ಮತ್ತು ವಿನ್‌ಮೋಡೆಮ್ ಎರಡೂ ಅಗ್ಗದವೇ. ಒಂದು ಎಲ್ಲರಿಗೂ ದುಡಿಯಿತು, ಇನ್ನೊಂದು ಒಬ್ಬನಿಗಷ್ಟೇ.

ಪೆಟ್ಟಿಗೆಯ ಮೇಲಿನ ಹೆಸರು

ಆ ಕಾಲದಲ್ಲಿ ಕಲಿಯಬೇಕಾದ ಇನ್ನೊಂದು ಪಾಠ, ಪೆಟ್ಟಿಗೆಯ ಮೇಲಿನ ಹೆಸರಿಗೂ ಒಳಗಿನ ಚಿಪ್ಪಿಗೂ ನಂಟಿಲ್ಲ ಎಂಬುದು. ಡಿ-ಲಿಂಕ್ ಕಂಪನಿಯ ಡಿಎಫ್‌ಇ-530ಟಿಎಕ್ಸ್ ಕಾರ್ಡಿನಲ್ಲಿದ್ದುದು ವಿಐಎ ಕಂಪನಿಯ ರೈನ್ ಚಿಪ್ಪು. ಅದೇ ಹೆಸರಿನ ಮುಂದೆ ಒಂದು ಕೂಡಿಕೆಯ ಚಿಹ್ನೆ ಬಿದ್ದರೆ ಒಳಗಿರುವುದು ರಿಯಲ್‌ಟೆಕ್ 8139. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಎಂಪಿ11 ಎಂಬ ನಿಸ್ತಂತು ಕಾರ್ಡಿನಲ್ಲಿ ಮೊದಲು ಇಂಟರ್‌ಸಿಲ್ ಕಂಪನಿಯ ಪ್ರಿಸಂ ಚಿಪ್ಪಿತ್ತು. ಅದೇ ಹೆಸರಿನ 2.7ನೆಯ ಆವೃತ್ತಿಯ ಹೊತ್ತಿಗೆ ಬ್ರಾಡ್‌ಕಾಂ ಚಿಪ್ಪು ಬಂದಿತ್ತು. ಹೆಸರು ಅದೇ, ಪೆಟ್ಟಿಗೆ ಅದೇ. ಮೊದಲನೆಯದು ಲಿನಕ್ಸಿನಲ್ಲಿ ನಡೆಯುತ್ತಿತ್ತು, ಎರಡನೆಯದು ಅಂದಿನ ದಿನಗಳಲ್ಲಿ ಅಲುಗುತ್ತಿರಲಿಲ್ಲ.

ಆದ್ದರಿಂದಲೇ ಬಲ್ಲವರು ಹೆಸರನ್ನು ಬಿಟ್ಟು ಸಂಖ್ಯೆಯನ್ನು ನೋಡತೊಡಗಿದರು. ಪಿಸಿಐ ವ್ಯವಸ್ಥೆಯಲ್ಲಿ ಪ್ರತಿ ತಯಾರಕರಿಗೂ ಪ್ರತಿ ಚಿಪ್ಪಿಗೂ ಒಂದೊಂದು ಗುರುತಿನ ಸಂಖ್ಯೆಯಿರುತ್ತದೆ. ಇಂಟೆಲ್ ಕಂಪನಿಯದು 8086. ತನಗೆ ಹೆಸರು ತಂದ ಪ್ರೊಸೆಸರಿನ ಸಂಖ್ಯೆಯನ್ನೇ ಅದು ತನ್ನ ಗುರುತಾಗಿಸಿಕೊಂಡಿತು. ಆ ಸಂಖ್ಯೆಗಳನ್ನು ಓದಿ ಹೇಳುವ ‘ಎಲ್‌ಎಸ್‌ಪಿಸಿಐ’ ಆಜ್ಞೆ ಕಾರ್ಡು ಕೊಳ್ಳುವವರ ಒರೆಗಲ್ಲಾಯಿತು.

ಗಾಳಿಯ ಮೇಲಿನ ಬೀಗ

ನಿಸ್ತಂತು ಜಾಲ ಬಂದ ಮೇಲೆ ಕಥೆ ಕಗ್ಗಂಟಾಯಿತು. ತಂತಿಯೊಳಗೆ ಏನು ಓಡಿದರೂ ಸರಕಾರಕ್ಕೆ ಚಿಂತೆಯಿಲ್ಲ. ಗಾಳಿಯ ಮಾತು ಹಾಗಲ್ಲ. ಯಾವ ಆವರ್ತನದಲ್ಲಿ, ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದೆಂಬುದಕ್ಕೆ ಪ್ರತಿ ದೇಶದಲ್ಲೂ ಕಾನೂನಿದೆ. ಹೊಸ ಚಿಪ್ಪುಗಳಲ್ಲಿ ಈ ಮಿತಿಗಳನ್ನು ತಂತ್ರಾಂಶವೇ ನಿರ್ಧರಿಸುತ್ತಿತ್ತು. ಕೈಪಿಡಿಯನ್ನು ಕೊಟ್ಟರೆ ಬಳಕೆದಾರರು ಮಿತಿಯನ್ನು ಮೀರಬಹುದು, ಹೊಣೆ ನಮ್ಮ ತಲೆಗೆ ಬರಬಹುದು ಎಂಬುದು ತಯಾರಕರ ವಾದ. ಅದರಲ್ಲಿ ಸತ್ಯಾಂಶವಿತ್ತು, ಅದು ಒಳ್ಳೆಯ ನೆಪವೂ ಆಗಿತ್ತು.

ಬ್ರಾಡ್‌ಕಾಂ ಚಿಪ್ಪುಗಳ ಮುಂದೆ ಮುಕ್ತ ತಂತ್ರಾಂಶದವರು ಆರಿಸಿಕೊಂಡದ್ದು ಅತ್ಯಂತ ಕಷ್ಟದ ದಾರಿ. ಒಂದು ತಂಡ ತಯಾರಕರ ಡ್ರೈವರನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡಿ, ಚಿಪ್ಪಿನ ನಡವಳಿಕೆಯನ್ನು ತನ್ನ ಮಾತಿನಲ್ಲಿ ಬರೆದಿಟ್ಟಿತು. ಮೂಲ ಡ್ರೈವರನ್ನು ಕಣ್ಣೆತ್ತಿಯೂ ನೋಡದ ಇನ್ನೊಂದು ತಂಡ ಆ ವಿವರಣೆಯನ್ನಷ್ಟೇ ಓದಿ ಹೊಸ ಡ್ರೈವರ್ ಬರೆಯಿತು. ಕೃತಿಸ್ವಾಮ್ಯದ ಆರೋಪ ಬರಬಾರದೆಂದು ಪಾಲಿಸಿದ ಮಡಿ ಇದು. ತಯಾರಕರ ಬಳಿ ಸಿದ್ಧವಾಗಿಯೇ ಇದ್ದ ಕೈಪಿಡಿಯನ್ನು ಹೊರಗಿನವರು ಕತ್ತಲಲ್ಲಿ ತಡಕಾಡಿ ಮತ್ತೆ ಬರೆದರೆಂದು ಇದರ ಅರ್ಥ. 2006ರಲ್ಲಿ ಈ ಡ್ರೈವರು ಲಿನಕ್ಸಿನ 2.6.17ನೆಯ ಆವೃತ್ತಿಯಲ್ಲಿ ಸೇರಿತು.

ಇದೇ ಹೊತ್ತಿಗೆ ಮುಕ್ತ ವ್ಯವಸ್ಥೆಗಳ ನಡುವೆಯೇ ನಿಲುವಿನ ಭೇದ ಕಾಣಿಸಿಕೊಂಡಿತು. 8139 ಚಿಪ್ಪನ್ನು ಬೈದ ಬಿಲ್ ಪಾಲ್ ಅವರೇ ಫ್ರೀಬಿಎಸ್‌ಡಿಯಲ್ಲಿ ವಿಂಡೋಸಿನ ಡ್ರೈವರುಗಳನ್ನು ಇದ್ದಂತೆಯೇ ಓಡಿಸುವ ಪದರವೊಂದನ್ನು ಕಟ್ಟಿದರು. ಅದಕ್ಕೆ ಅಂಟಿದ ಅಡ್ಡಹೆಸರು ‘ಪ್ರಾಜೆಕ್ಟ್ ಈವಿಲ್’, ದುಷ್ಟ ಯೋಜನೆ. ಲಿನಕ್ಸಿನಲ್ಲಿ ‘ಎನ್‌ಡಿಐಎಸ್‌ರ‍್ಯಾಪರ್’ ಇದೇ ಕೆಲಸ ಮಾಡಿತು. ಅಥೆರಾಸ್ ಕಂಪನಿಯ ಚಿಪ್ಪುಗಳಿಗಿದ್ದ ‘ಮ್ಯಾಡ್‌ವೈಫೈ’ ಡ್ರೈವರಿನ ಮುಕ್ಕಾಲು ಭಾಗ ತೆರೆದಿದ್ದರೂ, ಚಿಪ್ಪನ್ನು ನೇರವಾಗಿ ಮುಟ್ಟುವ ತಿರುಳು ಮುಚ್ಚಿದ ಗಂಟಾಗಿಯೇ ಇತ್ತು. ಇಂದು ಜಾಲ ಬೇಕಾದವನಿಗೆ ನಾಳಿನ ತತ್ತ್ವ ಹೇಳಿ ಏನು ಫಲ ಎಂಬುದು ಈ ಉಪಾಯಗಳ ಹಿಂದಿದ್ದ ಕರುಣೆ. ಆ ಕರುಣೆಯನ್ನು ಹಗುರವಾಗಿ ಕಾಣುವಂತಿಲ್ಲ.

ಓಪನ್‌ಬಿಎಸ್‌ಡಿ ಮಾತ್ರ ಬೇರೆ ಹಾದಿ ಹಿಡಿಯಿತು. ಕೆನಡಾದ ಕ್ಯಾಲ್ಗರಿಯಿಂದ ಅದನ್ನು ನಡೆಸುತ್ತಿದ್ದ ಥಿಯೋ ಡಿ ರಾಟ್, ಆಕರವಿಲ್ಲದ ಗಂಟನ್ನು ಕರ್ನೆಲ್ಲಿನೊಳಗೆ ಬಿಡುವುದಿಲ್ಲವೆಂದು ಹಟ ಹಿಡಿದರು. ಕಾಣದ ಸಂಕೇತವನ್ನು ಪರೀಕ್ಷಿಸಲಾಗದು. ಪರೀಕ್ಷಿಸಲಾಗದ್ದನ್ನು ಭದ್ರವೆಂದು ಹೇಳಲಾಗದು. ತಯಾರಕರು ಆಸಕ್ತಿ ಕಳೆದುಕೊಂಡ ದಿನ ಅದನ್ನು ದುರಸ್ತಿ ಮಾಡುವವರೂ ಇರುವುದಿಲ್ಲ. ಅವರು ಕಂಪನಿಗಳಿಗೆ ಪತ್ರ ಬರೆದರು, ಬಳಕೆದಾರರಿಂದಲೂ ಬರೆಸಿದರು. ಕೈಪಿಡಿ ಕೊಟ್ಟವರನ್ನು ಹೆಸರಿಸಿ ಹೊಗಳಿದರು, ಕೊಡದವರನ್ನು ಹೆಸರಿಸಿ ತೆಗಳಿದರು. ಈ ಹೋರಾಟವನ್ನೂ ಗಣಿಸಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2004ರ ಪ್ರಶಸ್ತಿಯನ್ನು ಅವರಿಗೆ ನೀಡಿತು. ಸಹಕರಿಸಿದವುಗಳಲ್ಲಿ ತೈವಾನಿನ ರಾಲಿಂಕ್, ರಿಯಲ್‌ಟೆಕ್‌ನಂತಹ ಕಂಪನಿಗಳಿದ್ದವು. ಹಿಂದೆಗೆದವುಗಳಲ್ಲಿ ಅಮೆರಿಕದ ದೊಡ್ಡ ಹೆಸರುಗಳಿದ್ದವು. ರಾಲಿಂಕ್ ಚಿಪ್ಪಿನ ಅಗ್ಗದ ಕಾರ್ಡು ಆ ವರ್ಷಗಳಲ್ಲಿ ಮುಕ್ತ ವ್ಯವಸ್ಥೆಗಳ ಬಳಕೆದಾರರ ಮೆಚ್ಚಿನದಾದದ್ದು ಇದರಿಂದಲೇ.

ಹಟಕ್ಕೆ ಬೆಲೆಯಿತ್ತು: ಓಪನ್‌ಬಿಎಸ್‌ಡಿಯಲ್ಲಿ ನಡೆಯುವ ಕಾರ್ಡುಗಳು ಕಡಿಮೆ. ಹಟಕ್ಕೆ ಫಲವೂ ಇತ್ತು. ಅಥೆರಾಸ್ ಚಿಪ್ಪಿನ ಮುಚ್ಚಿದ ತಿರುಳಿಗೆ ಬದಲಾಗಿ ರೈಕ್ ಫ್ಲೋಟರ್ ಚಿಪ್ಪಿನ ನಡವಳಿಕೆಯನ್ನು ಶೋಧಿಸಿ ತೆರೆದ ತಿರುಳೊಂದನ್ನು ಬರೆದರು. ಲಿನಕ್ಸಿನ ‘ಎಟಿಎಚ್5ಕೆ’ ಡ್ರೈವರು ಅದರ ಮೇಲೆಯೇ ನಿಂತಿತು. ಇಂಟೆಲ್ ಕಂಪನಿಯ 3945 ನಿಸ್ತಂತು ಕಾರ್ಡಿನ ಲಿನಕ್ಸ್ ಡ್ರೈವರಿಗೆ ಮುಚ್ಚಿದ ಕಾವಲು ತಂತ್ರಾಂಶವೊಂದು ಜತೆಗಿರಲೇಬೇಕಿತ್ತು. ರೇಡಿಯೊ ಕಾನೂನಿನ ಪಾಲನೆಗೆ ಅದು ಅನಿವಾರ್ಯವೆಂದು ಹೇಳಲಾಗಿತ್ತು. ಓಪನ್‌ಬಿಎಸ್‌ಡಿಯ ಡೇಮಿಯನ್ ಬರ್ಗಮಿನಿ 2006ರಲ್ಲಿ ಆ ಕಾವಲುಗಾರನಿಲ್ಲದೆಯೇ ಕಾರ್ಡನ್ನು ನಡೆಸಿ ತೋರಿಸಿದರು. ಮರುವರ್ಷ ಇಂಟೆಲ್ ತಾನೇ ಅದರ ಅಗತ್ಯವಿಲ್ಲದ ಹೊಸ ಡ್ರೈವರನ್ನು ತಂದಿತು. ಆಗದೆಂದು ಹೇಳಿದ್ದು ಆಗುವಂಥದೇ ಆಗಿತ್ತು.

ಬಾಗಿಲು ತೆರೆದ ವರ್ಷಗಳು

2007ರಿಂದ ಗಾಳಿ ತಿರುಗಿತು. ಆ ವರ್ಷದ ಆರಂಭದಲ್ಲಿ ಕರ್ನೆಲ್ ಬಳಗದ ಗ್ರೆಗ್ ಕ್ರೋ-ಹಾರ್ಟ್‌ಮನ್, ಚಿಪ್ಪಿನ ವಿವರ ಕೊಡುವ ಯಾವುದೇ ಕಂಪನಿಗೆ ಉಚಿತವಾಗಿ ಡ್ರೈವರ್ ಬರೆದುಕೊಡುವುದಾಗಿ ಬಹಿರಂಗವಾಗಿ ಘೋಷಿಸಿದರು. ಬೇಡುತ್ತಿದ್ದವರು ಕೊಡುವವರ ಪೀಠದಲ್ಲಿ ಕೂತದ್ದು ಇದೇ ಮೊದಲು. 2008ರ ಜುಲೈನಲ್ಲಿ ಅಥೆರಾಸ್ ತನ್ನ ಹೊಸ ಚಿಪ್ಪುಗಳಿಗಾಗಿ ‘ಎಟಿಎಚ್9ಕೆ’ ಎಂಬ ಸಂಪೂರ್ಣ ಮುಕ್ತ ಡ್ರೈವರನ್ನು ತಾನೇ ಬಿಡುಗಡೆ ಮಾಡಿತು. ಆ ವರ್ಷ ಮುಗಿಯುವುದರೊಳಗೆ ಹಳೆಯ ಚಿಪ್ಪುಗಳ ಮುಚ್ಚಿದ ತಿರುಳಿನ ಆಕರವೂ ಹೊರಬಂತು. 2010ರ ಸೆಪ್ಟೆಂಬರಿನಲ್ಲಿ ಬ್ರಾಡ್‌ಕಾಂ ಕೂಡ ತನ್ನ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು. ಮನಸ್ಸು ಬದಲಾದದ್ದು ಧರ್ಮಬುದ್ಧಿಯಿಂದ ಮಾತ್ರವಲ್ಲ. ಅಷ್ಟರಲ್ಲಿ ಸರ್ವರು, ರೌಟರು, ಮೊಬೈಲುಗಳಲ್ಲೆಲ್ಲ ಲಿನಕ್ಸ್ ನೆಲೆಯೂರಿತ್ತು. ಅಲ್ಲಿ ನಡೆಯದ ಚಿಪ್ಪನ್ನು ಕೊಳ್ಳುವವರು ವಿರಳವಾಗತೊಡಗಿದ್ದರು. ಒಂದೊಂದೇ ಕಾರ್ಡನ್ನು ನೋಡಿ ನೋಡಿ ಆರಿಸಿದ ಅನಾಮಧೇಯ ಕೊಳ್ಳುಗರ ಪಾಲೂ ಇದರಲ್ಲಿದೆ.

ಮುಕ್ತವಾದ ಮಾತ್ರಕ್ಕೆ ದೋಷಮುಕ್ತವಾಗುವುದಿಲ್ಲ. ಉತ್ತಮ ಕೈಪಿಡಿ, ತಾನೇ ಬರೆದ ಮುಕ್ತ ಡ್ರೈವರುಗಳಿಂದಾಗಿ ತಂತಿಯ ಕಾರ್ಡುಗಳಲ್ಲಿ ಇಂಟೆಲ್ ಬಹುಕಾಲ ಬಲ್ಲವರ ಮೊದಲ ಆಯ್ಕೆ. ಹಾಗಿದ್ದೂ 2008ರಲ್ಲಿ ಲಿನಕ್ಸಿನ ಪರೀಕ್ಷಾ ಆವೃತ್ತಿಗಳನ್ನು ಓಡಿಸಿದ ಕೆಲವರ ಇಂಟೆಲ್ ಕಾರ್ಡುಗಳು ಒಳಗಿನ ಶಾಶ್ವತ ಸ್ಮೃತಿ ಕೆಟ್ಟು ನಿಷ್ಕ್ರಿಯವಾದವು. ಎಲ್ಲರೂ ಡ್ರೈವರನ್ನು ಶಂಕಿಸಿದರು. ಕಡೆಗೆ ತಪ್ಪು ಸಿಕ್ಕಿದ್ದು ಕರ್ನೆಲ್ಲಿನ ನಡೆಯನ್ನು ಜಾಡು ಹಿಡಿಯುವ ಬೇರೊಂದು ಅಂಗದಲ್ಲಿ. ಅದು ತನ್ನದೆಂದು ಬಗೆದು ಬರೆದ ಜಾಗ ಅಷ್ಟರಲ್ಲಿ ಕಾರ್ಡಿನ ಪಾಲಾಗಿತ್ತು. ಈಚೆಗೆ ಅದೇ ಕಂಪನಿಯ 2.5 ಗಿಗಾಬಿಟ್ಟಿನ ಐ225 ಚಿಪ್ಪಿನ ಮೊದಲ ಆವೃತ್ತಿಗಳಲ್ಲಿ ವಿನ್ಯಾಸದ ದೋಷವೇ ಇತ್ತು; ಸರಿಪಡಿಸಲು ಹೊಸ ಆವೃತ್ತಿಯನ್ನೇ ತರಬೇಕಾಯಿತು. ತೆರೆದ ಸಂಕೇತ ತಪ್ಪನ್ನು ತಡೆಯುವುದಿಲ್ಲ. ತಪ್ಪು ಎಲ್ಲಿದೆಯೆಂದು ಹುಡುಕುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ.

ಸರಿದ ಗಡಿ

ಹಾಗಾದರೆ ಹೋರಾಟ ಗೆದ್ದಿತೇ? ಪೂರ್ತಿ ಗೆದ್ದಿತೆನ್ನಲಾಗದು. ಇಂದಿನ ನಿಸ್ತಂತು ಚಿಪ್ಪಿನೊಳಗೆ ತನ್ನದೇ ಪುಟ್ಟ ಪ್ರೊಸೆಸರ್ ಇರುತ್ತದೆ; ಅದು ಓಡಿಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಕಾರ್ಡಿನಲ್ಲಿ ಶಾಶ್ವತ ಸ್ಮೃತಿಯ ಖರ್ಚು ಉಳಿಸಲೆಂದು, ಪ್ರತಿ ಸಲ ಕಂಪ್ಯೂಟರು ಏಳುವಾಗ ಡ್ರೈವರೇ ಈ ಫರ್ಮ್‌ವೇರನ್ನು ಚಿಪ್ಪಿಗೆ ಉಣಿಸಬೇಕು. ಡ್ರೈವರು ತೆರೆಯಿತು, ಗುಟ್ಟು ಫರ್ಮ್‌ವೇರಿನೊಳಕ್ಕೆ ಸರಿಯಿತು. ಈ ಹೊಸ ಗಡಿಯಲ್ಲಿ ಎಲ್ಲಿ ನಿಲ್ಲಬೇಕೆಂಬುದರಲ್ಲಿ ಒಮ್ಮತವಿಲ್ಲ. ಕರ್ನೆಲ್ಲಿನೊಳಗೆ ಗಂಟನ್ನು ಬಿಡದ ಓಪನ್‌ಬಿಎಸ್‌ಡಿ, ಕಾರ್ಡಿನೊಳಗೆ ಓಡುವ ಫರ್ಮ್‌ವೇರನ್ನು ಹಂಚಲು ಅನುಮತಿಯಿದ್ದರೆ ಸಾಕೆನ್ನುತ್ತದೆ. ‘ಲಿನಕ್ಸ್-ಲಿಬ್ರೆ’ ಬಳಗ ಅದನ್ನೂ ಒಪ್ಪುವುದಿಲ್ಲ. ಈ ಗಡಿಯನ್ನೂ ದಾಟಿದವರಿದ್ದಾರೆ: ಇಟಲಿಯ ಬ್ರೆಷಿಯಾ ವಿಶ್ವವಿದ್ಯಾಲಯದವರು ಕೆಲವು ಬ್ರಾಡ್‌ಕಾಂ ಚಿಪ್ಪುಗಳಿಗೆ ಮುಕ್ತ ಫರ್ಮ್‌ವೇರ್ ಬರೆದರು; ಅಥೆರಾಸನ್ನು ಕೊಂಡ ಕ್ವಾಲ್‌ಕಾಂ ಎಆರ್9271 ಎಂಬ ಯುಎಸ್‌ಬಿ ಚಿಪ್ಪಿನ ಫರ್ಮ್‌ವೇರಿನ ಆಕರವನ್ನು ತೆರೆಯಿತು. ಇವು ವಿರಳ ಉದಾಹರಣೆಗಳು.

ಡೆಬಿಯನ್ ಯೋಜನೆಯ ನಡೆ ಈ ಇಕ್ಕಟ್ಟಿನ ಕನ್ನಡಿ. 2011ರ ಸ್ಕ್ವೀಝ್ ಆವೃತ್ತಿಯಲ್ಲಿ ಅದು ಕರ್ನೆಲ್ಲಿನಿಂದ ಮುಕ್ತವಲ್ಲದ ಫರ್ಮ್‌ವೇರನ್ನೆಲ್ಲ ಬೇರ್ಪಡಿಸಿತು. ಪರಿಣಾಮವಾಗಿ, ಡೆಬಿಯನ್ ಅನುಸ್ಥಾಪಿಸಲು ಹೊರಟವರ ಲ್ಯಾಪ್‌ಟಾಪಿಗೆ ವೈಫೈ ಸಿಗದೆ, ವೈಫೈಗೆ ಬೇಕಾದ ಫರ್ಮ್‌ವೇರನ್ನು ತರಲು ಜಾಲವೇ ಇಲ್ಲದೆ ಒದ್ದಾಡುವ ಸ್ಥಿತಿ ಬಂತು. 2022ರಲ್ಲಿ ಸದಸ್ಯರು ಮತ ಹಾಕಿ, ತಮ್ಮ ಸಾಮಾಜಿಕ ಒಡಂಬಡಿಕೆಯನ್ನೇ ತಿದ್ದಿ, ಅಧಿಕೃತ ಅನುಸ್ಥಾಪಕದಲ್ಲಿ ಫರ್ಮ್‌ವೇರಿಗೆ ಎಡೆಮಾಡಿಕೊಟ್ಟರು. 2023ರ ಜೂನಿನ ಬುಕ್‌ವರ್ಮ್ ಆವೃತ್ತಿ ಹಾಗೆಯೇ ಹೊರಬಂತು. ಇದನ್ನು ಸೋಲೆಂದು ಕರೆದವರಿದ್ದಾರೆ, ವಿವೇಕವೆಂದು ಕರೆದವರೂ ಇದ್ದಾರೆ. ಗುಟ್ಟಾಗಿ ನುಸುಳಲು ಬಿಡದೆ, ಬಹಿರಂಗವಾಗಿ ಚರ್ಚಿಸಿ, ಮತ ಎಣಿಸಿ, ಬಾಗಿದಷ್ಟನ್ನು ಬಾಗಿದ್ದೇವೆಂದು ಬರೆದಿಟ್ಟ ಸಂಸ್ಥೆಯ ಪ್ರಾಮಾಣಿಕತೆಯನ್ನಂತೂ ಒಪ್ಪಬೇಕು.

ಇಂದು ಕೊಳ್ಳುವವರಿಗೆ ಈ ಚರಿತ್ರೆ ಹೇಳುವುದು ಇಷ್ಟು. ಪೆಟ್ಟಿಗೆಯ ಹೆಸರನ್ನಲ್ಲ, ಚಿಪ್ಪಿನ ಸಂಖ್ಯೆಯನ್ನು ನೋಡಬೇಕು. ತಯಾರಕರು ಬೇರೆಯಾಗಿ ಕೊಡುವ ಡ್ರೈವರಿಗಿಂತ ಕರ್ನೆಲ್ಲಿನಲ್ಲೇ ಸೇರಿರುವ ಡ್ರೈವರನ್ನು ನಂಬಬೇಕು. ಕರ್ನೆಲ್ ಬದಲಾದಂತೆ ಅದೂ ಜತೆಗೆ ಬದಲಾಗುತ್ತದೆ. ಬೇಕಾದ ಫರ್ಮ್‌ವೇರನ್ನು ಹಂಚಲು ಅನುಮತಿ ಇದೆಯೇ ಎಂದು ತಿಳಿಯಬೇಕು. ಬಿಎಸ್‌ಡಿ ವ್ಯವಸ್ಥೆಗಳಾದರೆ ಅವುಗಳ ಕೈಪಿಡಿ ಪುಟಗಳೇ ನಡೆಯುವ ಕಾರ್ಡುಗಳನ್ನು ಹೆಸರಿಸಿ ಹೇಳುತ್ತವೆ. ಎರಡು ಕಾರ್ಡುಗಳು ಸಮವೆನಿಸಿದಾಗ ದಾಖಲೆಗಳನ್ನು ತೆರೆದಿಟ್ಟವರ ಕಾರ್ಡನ್ನು ಕೊಳ್ಳುವುದು ಲೇಸು.

ತೆರೆದ ದಾಖಲೆಯ ಆಯುಷ್ಯ ಎಷ್ಟು ದೀರ್ಘವೆಂಬುದಕ್ಕೆ ಒಂದು ಸಾಕ್ಷಿ ನಮ್ಮ ಕಣ್ಣೆದುರಿಗೇ ಇದೆ. ಎನ್‌ಇ2000 ಕಾರ್ಡು ಇಂದು ಅಂಗಡಿಯಲ್ಲಿ ಸಿಗದು. 8139 ಗುಜರಿ ಸೇರಿದೆ. ಆದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಕಲ್ಪಿಸಿ ನಡೆಸುವ ‘ಕ್ಯೂಇಎಂಯು’ ತಂತ್ರಾಂಶ ಇವೆರಡನ್ನೂ, ಜತೆಗೆ ಇಂಟೆಲ್ ಕಂಪನಿಯ ಹಳೆಯ ಗಿಗಾಬಿಟ್ ಕಾರ್ಡನ್ನೂ, ಬರಿಯ ಸಂಕೇತದಲ್ಲಿ ಮರುಸೃಷ್ಟಿಸುತ್ತದೆ. ಹೊಸದಾಗಿ ಕಾರ್ಯಾಚರಣ ವ್ಯವಸ್ಥೆ ಬರೆಯಲು ಹೊರಟ ವಿದ್ಯಾರ್ಥಿ ಇಂದಿಗೂ ತನ್ನ ಮೊದಲ ಪ್ಯಾಕೆಟ್ಟನ್ನು ಕಳಿಸುವುದು ಹಲವು ಸಲ ಇಂತಹ ಕಲ್ಪಿತ ಕಾರ್ಡಿನ ಮೂಲಕವೇ. ಅವುಗಳ ಲೋಹ ಸವೆದುಹೋಯಿತು, ಕೈಪಿಡಿ ಉಳಿಯಿತು. ತಮ್ಮ ಕಾಲದಲ್ಲಿ ಅವುಗಳಿಗಿಂತ ವೇಗವಾಗಿದ್ದ, ಬೀಗ ಹಾಕಿಕೊಂಡೇ ಮಾರಾಟವಾದ ಎಷ್ಟೋ ಕಾರ್ಡುಗಳಿಗೆ ಆ ಭಾಗ್ಯ ಒದಗಲಿಲ್ಲ.